ಮನೆಗೊಂದು ನೀರಿನ ಮೀಟರು: ಹಾಕಿಸಬೇಕೆ?

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಮಾರ್ಚ್ ಬಂತೆಂದರೆ ಅಸೋಸಿಯೇಷನ್ ಸಭೆಗೂ ಕಾವು ಏರುತ್ತದೆ. ಬೋರ್‌ವೆಲ್ ಕೈಕೊಟ್ಟಿರುತ್ತದೆ, ಟ್ಯಾಂಕರಿನ ಬಿಲ್ಲು ಬೆಳೆಯುತ್ತಿರುತ್ತದೆ, ಆ ಖರ್ಚನ್ನು ಚದರ ಅಡಿಗೆ ಇಷ್ಟೆಂದು ಎಲ್ಲ ಮನೆಗಳ ಮೇಲೂ ಹಾಕಿರುತ್ತಾರೆ. ಮೂರು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಇಬ್ಬರೇ ಇರುವ ನಿವೃತ್ತ ದಂಪತಿ ‘ನಾವು ಬಳಸದ ನೀರಿಗೆ ನಾವ್ಯಾಕ್ರೀ ದುಡ್ಡು ಕೊಡಬೇಕು? ಮನೆಗೊಂದು ಮೀಟರ್ ಹಾಕಿಸಿ’ ಅನ್ನುತ್ತಾರೆ. ಅದೇ ಅಳತೆಯ ಫ್ಲ್ಯಾಟಿನಲ್ಲಿ ಆರು ಜನ ಇರುವ ಮನೆಯವರು ಸುಮ್ಮನೆ ಕೂರುತ್ತಾರೆ, ಇಲ್ಲವೇ ಮೀಟರಿನ ಖರ್ಚಿನ ಮಾತೆತ್ತುತ್ತಾರೆ. ನ್ಯಾಯ ಯಾರ ಕಡೆಗಿದೆ ಎಂದು ಹೇಳಲು ಹೆಚ್ಚು ಹೊತ್ತು ಬೇಡ. ಆ ನ್ಯಾಯವನ್ನು ಮೀಟರು ಕೊಡಬಲ್ಲುದೇ ಎಂದು ತಿಳಿಯಲು ಮಾತ್ರ ಆ ಯಂತ್ರದ ಹೊಟ್ಟೆಯೊಳಗೆ ಇಣುಕಬೇಕು.

ನಮ್ಮ ಮನೆಗಳಿಗೆ ಹಾಕುವುದು ಹೆಚ್ಚಾಗಿ ಅರ್ಧ ಇಂಚಿನ, ಅಂದರೆ 15 ಮಿಲಿಮೀಟರಿನ, ಹಿತ್ತಾಳೆ ಮೈಯ ಮಲ್ಟಿ-ಜೆಟ್ ಮೀಟರು. ಕೈಯಲ್ಲಿ ಹಿಡಿದರೆ ತೂಕವಾಗಿಯೇ ಇರುತ್ತದೆ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹೋಗಬೇಕು ಎಂಬ ಬಾಣದ ಗುರುತು ಮೈಮೇಲೆ ಎರಕದಲ್ಲೇ ಮೂಡಿರುತ್ತದೆ. ಬಿಚ್ಚಿದರೆ ಮೊದಲು ಸಿಗುವುದು ಕಸ ತಡೆಯುವ ಜಾಲರಿ. ಅದನ್ನು ದಾಟಿದರೆ ಪ್ಲಾಸ್ಟಿಕ್ಕಿನ ಒಂದು ಬಟ್ಟಲು. ಅದರ ಕೆಳಭಾಗದಲ್ಲಿ ಸುತ್ತಲೂ ಓರೆಯಾಗಿ ಕೊರೆದ ತೂತುಗಳಿರುತ್ತವೆ. ನೀರು ಆ ತೂತುಗಳಿಂದ ಹಲವು ಸಣ್ಣ ಧಾರೆಗಳಾಗಿ ಒಳನುಗ್ಗಿ, ನಡುವೆ ನಿಂತ ರೆಕ್ಕೆಚಕ್ರಕ್ಕೆ ನಾಲ್ಕೂ ಕಡೆಯಿಂದ ಬಡಿಯುತ್ತದೆ. ಒಂದೇ ಕಡೆಯಿಂದ ಹೊಡೆತ ಬಿದ್ದರೆ ಚಕ್ರದ ಮೊಳೆ ಒಂದೇ ಪಕ್ಕಕ್ಕೆ ಸವೆಯುತ್ತದೆ. ಸುತ್ತಲಿಂದಲೂ ಬಿದ್ದರೆ ಹೆಚ್ಚು ಕಾಲ ಬಾಳುತ್ತದೆ. ಚಕ್ರ ತಿರುಗಿಸಿದ ನೀರು ಮೇಲಿನ ಸಾಲಿನ ತೂತುಗಳಿಂದ ಹೊರಬಿದ್ದು ಮನೆಯ ದಾರಿ ಹಿಡಿಯುತ್ತದೆ.

ಚಕ್ರದ ನೆತ್ತಿಯ ಮೇಲೆ ಒಂದು ಅಯಸ್ಕಾಂತ. ಅದರ ಮೇಲೆ ನೀರು ದಾಟದ ಮುಚ್ಚಳ, ಮುಚ್ಚಳದ ಆಚೆ ಇನ್ನೊಂದು ಅಯಸ್ಕಾಂತ. ಕೆಳಗಿನದು ತಿರುಗಿದಂತೆ ಮೇಲಿನದೂ ತಿರುಗುತ್ತದೆ, ಹಲ್ಲುಚಕ್ರಗಳ ಸಾಲು ಅದನ್ನು ಅಂಕಿಗಳಾಗಿ ಬದಲಿಸುತ್ತದೆ. ಹೀಗಾಗಿ ಅಂಕಿ ತೋರಿಸುವ ಭಾಗಕ್ಕೆ ನೀರು ತಾಗುವುದೇ ಇಲ್ಲ. ಕಪ್ಪು ಅಂಕಿಗಳು ಕಿಲೋಲೀಟರು, ಅಂದರೆ ಸಾವಿರ ಲೀಟರಿನ ಲೆಕ್ಕ. ಬಿಲ್ಲಿಗೆ ಬರುವುದು ಇಷ್ಟೇ. ಕೆಂಪು ಅಂಕಿ, ಕೆಂಪು ಮುಳ್ಳುಗಳು ಅದಕ್ಕಿಂತ ಸಣ್ಣ ಅಳತೆಯವು. ನಡುವೆ ನಕ್ಷತ್ರದ ಆಕಾರದ ಪುಟ್ಟ ಚಕ್ರವೊಂದಿರುತ್ತದೆ. ಮನೆಯ ಎಲ್ಲ ನಲ್ಲಿ ಮುಚ್ಚಿ ಅದನ್ನೇ ಐದು ನಿಮಿಷ ನೋಡಿ. ಅದು ತೆವಳುತ್ತಾ ತಿರುಗುತ್ತಿದ್ದರೆ ಮನೆಯಲ್ಲಿ ಎಲ್ಲೋ ಸೋರುತ್ತಿದೆ. ನನ್ನ ಮಟ್ಟಿಗೆ ಇಡೀ ಯಂತ್ರದಲ್ಲಿ ಅತ್ಯಂತ ಉಪಯೋಗದ ಭಾಗ ಇದು. ಇದರತ್ತ ಕಣ್ಣು ಹಾಯಿಸುವವರು ಮಾತ್ರ ಕಡಿಮೆ.

ಈ ಯಂತ್ರ ಮಾಡುವುದು ಒಂದು ಅಂದಾಜು ಎಂಬುದನ್ನು ಮರೆಯಬಾರದು. ಚಕ್ರದ ಒಂದು ಸುತ್ತಿಗೆ ಇಷ್ಟು ನೀರು ಎಂದು ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಆಮೇಲೆ ಅದು ಸುತ್ತುಗಳನ್ನಷ್ಟೇ ಎಣಿಸುತ್ತಾ ಹೋಗುತ್ತದೆ. ನೀರನ್ನು ನಿಜಕ್ಕೂ ಅಳೆಯುವ ಮೀಟರು ಬೇರೆ ಇದೆ: ಒಳಗಿನ ಪಿಸ್ಟನ್ ಒಂದು ಸುತ್ತಿಗೆ ನಿಗದಿಯಾದಷ್ಟು ನೀರನ್ನು ತುಂಬಿ, ಸುರಿದು, ಮತ್ತೆ ತುಂಬುತ್ತದೆ, ಅಂಗಡಿಯವನು ಸೇರಿನಲ್ಲಿ ಅಕ್ಕಿ ಅಳೆದು ಹಾಕಿದ ಹಾಗೆ. ಬ್ರಿಟನ್ನಿನ ಮನೆಗಳಲ್ಲಿ ಈ ಜಾತಿ ಬಹಳ. ಸಣ್ಣ ಹರಿವನ್ನೂ ಬಿಡದೆ ಹಿಡಿಯುತ್ತದೆ. ಆದರೆ ಮರಳಿನ ಒಂದು ಕಣ ಸಿಕ್ಕಿಕೊಂಡರೆ ಪಿಸ್ಟನ್ ನಿಂತೇ ಹೋಗಬಹುದು. ನಮ್ಮ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿಗೆ ಮಲ್ಟಿ-ಜೆಟ್ಟೇ ವಾಸಿ.

ಇನ್ನು ಅದರ ದೌರ್ಬಲ್ಯಗಳು. ಮೊದಲನೆಯದು, ಸಣ್ಣ ಹರಿವು. ಚಕ್ರ ತಿರುಗಲು ಒಂದಿಷ್ಟು ಬಲ ಬೇಕೇ ಬೇಕು. ಭಾರತೀಯ ಮಾನಕ ಐಎಸ್ 779ರ ಪ್ರಕಾರ ‘ಬಿ’ ದರ್ಜೆಯ 15 ಮಿ.ಮೀ. ಮೀಟರು ಗಂಟೆಗೆ 120 ಲೀಟರಿನಿಂದ ಮೇಲಕ್ಕೆ ಶೇ. 2ಕ್ಕಿಂತ ಹೆಚ್ಚು ತಪ್ಪಬಾರದು. 30ರಿಂದ 120 ಲೀಟರಿನ ನಡುವೆ ಶೇ. 5ರಷ್ಟು ತಪ್ಪಿದರೂ ಕ್ಷಮೆ. ಗಂಟೆಗೆ 30 ಲೀಟರಿಗಿಂತ ಕೆಳಗಿನದಕ್ಕೆ ಮಾನಕದ ಭರವಸೆಯೇ ಇಲ್ಲ. ಕಮೋಡಿನ ಸಿಸ್ಟರ್ನ್‌ನಲ್ಲಿ ವಾಷರು ಸವೆದು ಸದ್ದಿಲ್ಲದೆ ಗಂಟೆಗೆ 10 ಲೀಟರ್ ಸೋರುತ್ತಿದೆ ಎಂದುಕೊಳ್ಳಿ. ದಿನಕ್ಕೆ 240 ಲೀಟರ್ ಆಯಿತು, ಸುಮಾರು ಇಬ್ಬರ ಇಡೀ ದಿನದ ಬಳಕೆ. ಮೀಟರಿಗೆ ಅದು ಕಾಣಿಸದೇ ಹೋಗಬಹುದು. ಸ್ವಂತ ಮನೆಯ ಸಂಪಿಗೆ ಜಲಮಂಡಳಿಯ ನೀರು ಬರುವಾಗಲೂ ಇದೇ ಕತೆ: ಸಂಪು ತುಂಬುತ್ತಾ ಬಂದಂತೆ ಬಾಲ್ ವಾಲ್ವು ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ, ಕೊನೆಕೊನೆಯ ಆ ಸಣ್ಣ ಹರಿವು ಪೂರ್ತಿ ಲೆಕ್ಕಕ್ಕೆ ಸಿಗುವುದಿಲ್ಲ.

ಎರಡನೆಯದು, ಗಾಳಿ. ದಿನ ಬಿಟ್ಟು ದಿನ ನೀರು ಬಿಡುವ ಊರುಗಳಲ್ಲಿ ಉಳಿದ ಹೊತ್ತು ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ವಾಲ್ವ್ ತಿರುಗಿಸಿದ ಕೂಡಲೇ ಮುಂದೆ ನುಗ್ಗುವುದು ಈ ಗಾಳಿ. ರೆಕ್ಕೆಚಕ್ರಕ್ಕೆ ಗಾಳಿ ಯಾವುದು, ನೀರು ಯಾವುದು ಎಂಬ ಭೇದವಿಲ್ಲ, ಗಿರ್ರನೆ ತಿರುಗಿ ಅದನ್ನೂ ಎಣಿಸಿಬಿಡುತ್ತದೆ. ‘ಮೀಟರು ಗಾಳಿಗೂ ಬಿಲ್ ಹಾಕುತ್ತೆ’ ಎಂದು ಜನ ಗೊಣಗುವುದು ಸುಳ್ಳಲ್ಲ. ಮೀಟರಿನ ಹಿಂದೆ ಏರ್ ವಾಲ್ವ್ ಹಾಕಿದರೆ ತೊಂದರೆ ತಗ್ಗುತ್ತದೆ. ಪೈಪು ಸದಾ ತುಂಬಿರುವುದು ಅದಕ್ಕಿಂತ ಒಳ್ಳೆಯ ಮದ್ದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ 24 ಗಂಟೆ ನೀರಿನ ಪ್ರಯೋಗ ಮಾಡಿದಾಗ ಮೀಟರು ಅದರ ಜೊತೆಗೇ ಬಂತು. ಗಂಟೆಗಟ್ಟಲೆ ಗಾಳಿ ಕುಡಿಯುವ ಪೈಪಿಗೆ ಮೀಟರು ಕಟ್ಟಿ ಜನರಿಂದ ನಂಬಿಕೆ ಕೇಳುವುದು ಕಷ್ಟ.

ಮೂರನೆಯದು ಅಪಾರ್ಟ್‌ಮೆಂಟಿನವರು ಮೊದಲು ತಿಳಿಯಬೇಕಾದದ್ದು. ಮಲ್ಟಿ-ಜೆಟ್ ಮೀಟರನ್ನು ಅಡ್ಡಪೈಪಿನಲ್ಲಿ, ಮುಖ ಆಕಾಶಕ್ಕೆ ಮಾಡಿ ಕೂರಿಸಬೇಕು. ಓದಲು ಅನುಕೂಲವಾಗಲಿ ಎಂದು ಪಕ್ಕಕ್ಕೆ ವಾಲಿಸಿದರೆ ಚಕ್ರದ ಭಾರ ಮೊಳೆಯ ಪಕ್ಕಕ್ಕೆ ಬೀಳುತ್ತದೆ, ಉಜ್ಜುವಿಕೆ ಹೆಚ್ಚುತ್ತದೆ, ಸಣ್ಣ ಹರಿವು ಎಣಿಕೆಗೆ ಸಿಗದೆ ಜಾರುತ್ತದೆ. ನಮ್ಮ ಕಟ್ಟಡಗಳಲ್ಲಿ ನೀರಿನ ಪೈಪು ಇರುವುದಾದರೂ ಎಲ್ಲಿ? ಕೈ ತೂರದಷ್ಟು ಇಕ್ಕಟ್ಟಾದ ಡಕ್ಟಿನಲ್ಲಿ, ನೆಟ್ಟಗೆ ಮೇಲಿಂದ ಕೆಳಕ್ಕೆ. ಪ್ಲಂಬರ್ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ, ಹೇಗೆ ಹಿಡಿಸಿತೋ ಹಾಗೆ ಕೂರಿಸಿ ಬರುತ್ತಾನೆ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೊಂದು ತಮಾಷೆಯಿದೆ. ಬಟ್ಟಲಿನ ತೂತುಗಳಲ್ಲಿ ಸುಣ್ಣ ಕಟ್ಟಿ ಅವು ಕಿರಿದಾದರೆ ಅಷ್ಟೇ ನೀರು ಹೆಚ್ಚು ವೇಗದಲ್ಲಿ ನುಗ್ಗುತ್ತದೆ, ಚಕ್ರ ಹೆಚ್ಚು ಸುತ್ತುತ್ತದೆ. ಆಗ ಬಿಲ್ಲು ಮೇಲಕ್ಕೆ. ಮೊಳೆ ಸವೆದರೆ ಕೆಳಕ್ಕೆ.

ಈಗ ಅಲ್ಟ್ರಾಸಾನಿಕ್ ಮೀಟರುಗಳೂ ಬಂದಿವೆ. ಒಳಗೆ ತಿರುಗುವ ಭಾಗವೇ ಇಲ್ಲ. ಪೈಪಿನೊಳಗೆ ಎರಡು ಸೆನ್ಸರ್‌ಗಳು ಒಂದಕ್ಕೊಂದು ಶಬ್ದ ಕಳಿಸುತ್ತವೆ, ಒಂದು ಹರಿವಿನ ಜೊತೆಗೆ, ಇನ್ನೊಂದು ಹರಿವಿಗೆ ಎದುರಾಗಿ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1,480 ಮೀಟರ್. ಹರಿವಿನ ಜೊತೆ ಹೋದದ್ದು ಕೂದಲೆಳೆಯಷ್ಟು ಮುಂಚೆ ತಲುಪುತ್ತದೆ. ಸೆನ್ಸರ್‌ಗಳ ನಡುವೆ 6 ಸೆಂ.ಮೀ. ಅಂತರವಿದ್ದು, ನಲ್ಲಿಯಲ್ಲಿ ನಿಮಿಷಕ್ಕೆ ಒಂದು ಲೀಟರ್ ಹರಿಯುತ್ತಿದ್ದರೆ, ಎರಡರ ನಡುವಿನ ವ್ಯತ್ಯಾಸ ಒಂದು ಸೆಕೆಂಡಿನ ನೂರು ಕೋಟಿ ಭಾಗದಲ್ಲಿ ಐದು ಭಾಗ! ಬ್ಯಾಟರಿಯಲ್ಲಿ ಓಡುವ ಪುಟ್ಟ ಚಿಪ್ಪು ಇದನ್ನು ಲೆಕ್ಕ ಹಾಕಿ ಲೀಟರಿಗೆ ಬದಲಿಸುತ್ತದೆ. ಪೈಪಿನಲ್ಲಿ ಗಾಳಿ ತುಂಬಿದ್ದರೆ ಶಬ್ದ ದಾಟುವುದಿಲ್ಲ, ಎಣಿಕೆಯೂ ನಿಲ್ಲುತ್ತದೆ. ನೆಟ್ಟಗಿನ ಪೈಪಿಗೂ ಹಾಕಬಹುದು. ಬೆಲೆ ಮಾತ್ರ ಜಾಸ್ತಿ, ಬ್ಯಾಟರಿ ಮುಗಿದ ಮೇಲೆ ಸಾಮಾನ್ಯವಾಗಿ ಮೀಟರನ್ನೇ ಬದಲಿಸಬೇಕು.

ಯಾವ ಜಾತಿಯದನ್ನು ತಂದರೂ ನಮ್ಮ ಫ್ಲ್ಯಾಟುಗಳಲ್ಲಿ ಅಡ್ಡ ಬರುವ ಸಮಸ್ಯೆ ಒಂದಿದೆ. ಓವರ್‌ಹೆಡ್ ಟ್ಯಾಂಕಿನಿಂದ ಇಳಿಯುವ ಪೈಪು ಒಂದೇ ಅಲ್ಲ. ಅಡುಗೆಮನೆಗೆ ಒಂದು, ಯುಟಿಲಿಟಿಗೆ ಒಂದು, ಪ್ರತಿ ಬಚ್ಚಲಿಗೆ ಒಂದೊಂದು. ಮೂರು ಬಚ್ಚಲಿನ ಮನೆಗೆ ಐದು ಇನ್‌ಲೆಟ್ ಎಂದರೆ ಐದು ಮೀಟರು. ಹರಿವು ಐದು ಕಡೆ ಹಂಚಿಹೋಗುವುದರಿಂದ ಪ್ರತಿ ಮೀಟರೂ ಹೆಚ್ಚು ಹೊತ್ತು ಸಣ್ಣ ಹರಿವಿನಲ್ಲೇ ಕಳೆಯುತ್ತದೆ, ಅಂದರೆ ಅದು ಹೆಚ್ಚು ತಪ್ಪುವ ಜಾಗದಲ್ಲಿ. ಎಲ್ಲ ಮನೆಗಳ ಮೀಟರು ಕೂಡಿಸಿದರೂ ಇಡೀ ಕಟ್ಟಡದ ದೊಡ್ಡ ಮೀಟರಿನ ಅಂಕಿಗೆ ಸಮ ಬರುವುದಿಲ್ಲ ಎಂದು ಅಸೋಸಿಯೇಷನ್‌ಗಳಲ್ಲಿ ಏಳುವ ತಕರಾರಿಗೆ ಅರ್ಧ ಕಾರಣ ಇದು. ಉಳಿದರ್ಧ ತೋಟ, ಟ್ಯಾಂಕ್ ತೊಳೆಯುವುದು, ಸೋರಿಕೆ.

ಒತ್ತಡದ ಮಾತೂ ಇದೆ. ಮೀಟರು ದಾಟುವಾಗ ನೀರು ಸ್ವಲ್ಪ ಒತ್ತಡ ಕಳೆದುಕೊಳ್ಳುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಯುವ ಷವರಿಗೆ ಈ ನಷ್ಟ ಅರ್ಧ ಮೀಟರ್ ಎತ್ತರದ ನೀರಿನ ಒತ್ತಡಕ್ಕಿಂತ ಕಡಿಮೆ, ಚಿಂತೆಯಿಲ್ಲ. ಆದರೆ ಗೋಡೆಯೊಳಗೆ ಹುದುಗಿಸಿದ ಫ್ಲಶ್ ವಾಲ್ವ್ ಒಂದು ಸೆಕೆಂಡಿಗೆ ಲೀಟರಿಗೂ ಹೆಚ್ಚು ನೀರು ಎಳೆಯುತ್ತದೆ. ಅರ್ಧ ಇಂಚಿನ ಮೀಟರಿನ ಗರಿಷ್ಠ ಮಿತಿಯೇ ಗಂಟೆಗೆ 3,000 ಲೀಟರ್. ಟ್ಯಾಂಕಿನಿಂದ ನಾಲ್ಕೇ ಮೀಟರ್ ಕೆಳಗಿರುವ ಮೇಲಿನ ಮಹಡಿಯವರಿಗೆ ಮೀಟರು ಹಾಕಿದ ಮರುದಿನ ಫ್ಲಶ್ ಆಗುವುದಿಲ್ಲ.

ಈಗ ದುಡ್ಡಿನ ಲೆಕ್ಕ. 2024ರ ಮಾರ್ಚ್‌ನ ಬರದಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ ₹600, 12,000 ಲೀಟರಿಗೆ ₹1,000. ಕಿಲೋಲೀಟರಿಗೆ ಸರಾಸರಿ ₹90 ಅನ್ನೋಣ. ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಮೇಲೆತ್ತಿ ತರುವ ಕಾವೇರಿ ನೀರಿಗೆ ಜಲಮಂಡಳಿ ಆಗ ಅಪಾರ್ಟ್‌ಮೆಂಟುಗಳಿಂದ ಪಡೆಯುತ್ತಿದ್ದುದು ಕಿಲೋಲೀಟರಿಗೆ ₹22. 2025ರಲ್ಲಿ ದರ ಏರಿತು. ಕಾವೇರಿಯಷ್ಟೇ ಕುಡಿಯುವ ಕಟ್ಟಡಕ್ಕೆ ಮೀಟರು ಉಳಿಸಿಕೊಡುವುದು ಕಡಿಮೆ. ಟ್ಯಾಂಕರ್ ನಂಬಿದ ಕಟ್ಟಡಕ್ಕೆ ಲೆಕ್ಕ ಬೇರೆ.

ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡ ಹಿಡಿದರೆ ನಾಲ್ವರ ಮನೆಗೆ ತಿಂಗಳಿಗೆ 16 ಕಿಲೋಲೀಟರ್ ಚಿಲ್ಲರೆ, ಟ್ಯಾಂಕರ್ ದರದಲ್ಲಿ ಸುಮಾರು ₹1,460. ಎಲ್ಲರಿಗೂ ಸಮ ಹಂಚಿಕೆಯಾದರೆ ಇಬ್ಬರ ಮನೆಯೂ ಇಷ್ಟೇ ಕೊಡುತ್ತದೆ. ಮೀಟರು ಬಂದರೆ ಅವರದು ₹730ಕ್ಕೆ ಇಳಿಯುತ್ತದೆ, ಆರು ಜನರ ಮನೆಯದು ₹2,190ಕ್ಕೆ ಏರುತ್ತದೆ. ಮೀಟರೊಂದಕ್ಕೆ ಕೂಲಿ ಸೇರಿ ₹4,000, ಮನೆಗೆ ನಾಲ್ಕು ಮೀಟರು ಎಂದಿಟ್ಟುಕೊಂಡರೆ ಇಬ್ಬರ ಮನೆಗೆ ಹಾಕಿದ ದುಡ್ಡು ಎರಡು ವರ್ಷದೊಳಗೆ ವಾಪಸು. ನಾಲ್ವರ ಮನೆಗೆ? ಅವರು ಬಳಕೆ ಇಳಿಸಿದರೆ ಮಾತ್ರ ಉಳಿತಾಯ.

ಎಷ್ಟು ಇಳಿಸುತ್ತಾರೆ ಎಂಬುದಕ್ಕೆ ಇಂಗ್ಲೆಂಡನ್ನು ನೋಡಬಹುದು. ಅಲ್ಲಿ ಮೀಟರಿಲ್ಲದ ಹಳೆಯ ಮನೆಗಳ ನೀರಿನ ಬಿಲ್ಲು ಇಂದಿಗೂ ಮನೆಗೆ 1973ರಲ್ಲಿ ಕಟ್ಟಿದ ಬಾಡಿಗೆ ಮೌಲ್ಯದ ಮೇಲೆ ನಿಂತಿದೆ, ನಮ್ಮ ಚದರ ಅಡಿ ಲೆಕ್ಕದ ದಾಯಾದಿ. ಬೇಕೆಂದವರಿಗೆ ಕಂಪನಿ ಪುಕ್ಕಟೆ ಮೀಟರು ಹಾಕಿಕೊಡಬೇಕೆಂದು 2000ದಿಂದ ಕಾನೂನಿದೆ. ಮನೆಯಲ್ಲಿ ಜನರಿಗಿಂತ ಬೆಡ್‌ರೂಮು ಹೆಚ್ಚಿದ್ದರೆ ಮೀಟರಿಗೆ ಹೋಗು ಎಂಬುದು ಅಲ್ಲಿನವರ ಬಾಯಿಲೆಕ್ಕ. ಆಗ್ನೇಯ ಇಂಗ್ಲೆಂಡಿನಲ್ಲಿ ಸದರ್ನ್ ವಾಟರ್ ಕಂಪನಿ 2010ರಿಂದ ಮನೆಮನೆಗೂ ಕಡ್ಡಾಯವಾಗಿ ಮೀಟರು ಹಾಕಿತು. ಅದನ್ನು ಅಧ್ಯಯನ ಮಾಡಿದ ಸೌತಾಂಪ್ಟನ್ ವಿಶ್ವವಿದ್ಯಾಲಯದವರಿಗೆ ಕಂಡ ಇಳಿಕೆ ಶೇ. 16.5. ನಮ್ಮ ನಾಲ್ವರ ಮನೆಗೆ ಅದು ತಿಂಗಳಿಗೆ ₹240. ನಾಲ್ಕು ಮೀಟರಿನ ದುಡ್ಡು ಹುಟ್ಟಲು ಐದೂವರೆ ವರ್ಷ. ಒಂದೇ ಇನ್‌ಲೆಟ್ ಇದ್ದರೆ ಒಂದೂವರೆ ವರ್ಷವೂ ಬೇಡ.

ಹಾಗಾಗಿ ನನ್ನ ತೀರ್ಮಾನ ಇಷ್ಟು. ಒಂದೋ ಎರಡೋ ಇನ್‌ಲೆಟ್ ಇದ್ದು ಬೇಸಿಗೆಯಲ್ಲಿ ಟ್ಯಾಂಕರಿಗೆ ಕೈಚಾಚುವ ಕಟ್ಟಡವಾದರೆ ಯೋಚಿಸದೆ ಮೀಟರು ಹಾಕಿಸಿ. ನಾಲ್ಕೈದು ಇನ್‌ಲೆಟ್ ಇದ್ದರೆ ಮೊದಲು ಟ್ಯಾಂಕಿನಿಂದ ಇಳಿಯುವ ಪ್ರತಿ ಮುಖ್ಯ ಪೈಪಿಗೆ ಒಂದೊಂದು ಮೀಟರು ಸಾಕು. ರಾತ್ರಿ 2ರಿಂದ 4 ಗಂಟೆಯ ನಡುವೆ ಅದನ್ನು ಓದಿಸಿ; ಎಲ್ಲರೂ ಮಲಗಿರುವ ಹೊತ್ತಿನಲ್ಲೂ ನೀರು ಇಳಿಯುತ್ತಿದ್ದರೆ ಆ ಸಾಲಿನ ಮನೆಗಳ ಸಿಸ್ಟರ್ನ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ನಲ್ಲಿಯ ಹರಿವು ತಗ್ಗಿಸಲು ಜಲಮಂಡಳಿ 2024ರಲ್ಲಿ ಕಡ್ಡಾಯ ಮಾಡಿದ ಏರೇಟರ್‌ಗಳನ್ನು ಇನ್ನೂ ಹಾಕಿಸದಿದ್ದರೆ ಈಗಲಾದರೂ ಹಾಕಿಸಿ. ಇವೆರಡಕ್ಕೂ ಮನೆಮನೆಯ ಮೀಟರಿನ ಖರ್ಚಿನ ಒಂದು ಪಾಲೂ ಆಗದು.

ಹೊಸ ಫ್ಲ್ಯಾಟ್ ಬುಕ್ ಮಾಡುವವರು ಜಿಮ್ಮು, ಕ್ಲಬ್‌ಹೌಸು ವಿಚಾರಿಸುವ ಜೊತೆಗೆ ಬಿಲ್ಡರನ್ನು ಎರಡು ಮಾತು ಕೇಳಿ: ಮನೆಗೆ ನೀರು ಎಷ್ಟು ಇನ್‌ಲೆಟ್ಟಿನಿಂದ ಬರುತ್ತದೆ? ಮೀಟರು ಕೂರಿಸಲು ಹೊರಗೆ ಒಂದಡಿ ಅಡ್ಡಪೈಪು ಬಿಟ್ಟಿದ್ದೀರಾ? ಗೋಡೆಗೆ ಟೈಲ್ಸ್ ಅಂಟಿಸುವ ಮುಂಚೆಯೇ ಕೇಳಿ.