ಬೆಕ್ಕಿನ ಶೌಚಧರ್ಮ

ಮನೆಯಲ್ಲಿ ಸಾಕುವ ಪ್ರಾಣಿಗಳಲ್ಲಿ ಶೌಚದ ವಿಷಯದಲ್ಲಿ ಬೆಕ್ಕಿನಷ್ಟು ನಿಷ್ಠೆಯುಳ್ಳ ಜೀವ ಮತ್ತೊಂದಿಲ್ಲವೆಂದರೆ ಅತಿಶಯೋಕ್ತಿಯಾಗದು. ಮುಂಗಾಲಿನಿಂದ ಸಡಿಲ ಮಣ್ಣನ್ನು ಕೆದರಿ ಗುಳಿ ಮಾಡಿ, ಕಾರ್ಯ ಮುಗಿದೊಡನೆ ಹಿಂದಿರುಗಿ ಮೂಸಿ, ವಾಸನೆ ಅಡಗುವವರೆಗೂ ಮಣ್ಣೆಳೆದು ಮುಚ್ಚುವ ಈ ವಿಧಿಯನ್ನು ಮರಿಗೂ ಯಾರೂ ಬೋಧಿಸಬೇಕಾಗಿಲ್ಲ. ಹಿತ್ತಿಲೂ ಒಲೆಬೂದಿಯ ಗುಡ್ಡೆಯೂ ಇದ್ದ ಮನೆಗಳಲ್ಲಿ ಈ ಸಂಗತಿ ಯಾರ ಚರ್ಚೆಗೂ ವಸ್ತುವಾಗಲಿಲ್ಲ. ಬೆಂಗಳೂರಿನಂಥ ನಗರಗಳಲ್ಲಿ ಬೆಕ್ಕನ್ನು ಮೂರನೆಯ ಅಂತಸ್ತಿನ ಫ್ಲ್ಯಾಟಿಗೆ ಕೊಂಡೊಯ್ದು, ಅದರ ಪಾಲಿಗೆ ಟೈಲ್ಸಿನ ಹೊರತು ಬೇರೆ ನೆಲವೇ ಇಲ್ಲದಂತೆ ಮಾಡಿದ ಮೇಲೆ ಮಣ್ಣನ್ನು ಟ್ರೇಯಲ್ಲಿ ತುಂಬಿ ಒದಗಿಸುವ ಹೊಣೆ ನಮ್ಮ ಮೇಲೆ ಬಿದ್ದಿತು. ಆದುದರಿಂದ ಸೋಫಾದ ಮೇಲೆಯೋ ಹಾಸಿಗೆಯ ಮೇಲೆಯೋ ಕಂಡ ತೇವವನ್ನು ಬೆಕ್ಕಿನ ದುರ್ಬುದ್ಧಿಯೆಂದೆಣಿಸಿ ಅದರ ಮೂತಿಯನ್ನು ಅಲ್ಲಿಗೆ ಉಜ್ಜುವುದಕ್ಕಿಂತ, ಅದರ ಸಹಜಧರ್ಮಕ್ಕೆ ಭಂಗ ಬಂದುದು ಎಲ್ಲಿಂದ ಎಂದು ವಿಚಾರಿಸುವುದೇ ಯುಕ್ತ.

ವಿಚಾರಣೆಯಲ್ಲಿ ಮೊದಲ ಸ್ಥಾನ ರೋಗಕ್ಕೆ. ಮೂತ್ರಕೋಶದ ಉರಿಯೂತವಿದ್ದಾಗ ವಿಸರ್ಜನೆಯೇ ವೇದನೆಯಾಗಿ, ಬೆಕ್ಕು ಆ ವೇದನೆಯನ್ನು ಟ್ರೇಗೆ ಆರೋಪಿಸಿ ಮೆತ್ತನೆಯ ಬೇರೆಡೆಯನ್ನು ಅರಸುವುದುಂಟು. ಮಧುಮೇಹವೂ ಮೂತ್ರಪಿಂಡದ ರೋಗವೂ ಮೂತ್ರದ ಪ್ರಮಾಣವನ್ನು ಹೆಚ್ಚಿಸುತ್ತವೆ. ಕೀಲುನೋವಿನ ಮುದಿಬೆಕ್ಕಿಗೆ ಎತ್ತರದ ಅಂಚನ್ನು ದಾಟುವುದೇ ಕಷ್ಟ. ಇವೆಲ್ಲಕ್ಕಿಂತ ಘೋರವಾದುದು ಗಂಡುಬೆಕ್ಕಿನ ಮೂತ್ರನಾಳ ಕಟ್ಟಿಕೊಳ್ಳುವುದು. ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ, ಬೆನ್ನು ಬಾಗಿಸಿ ತಿಣುಕಿ, ನರಳಿ, ಒಂದು ಹನಿಯೂ ಬಾರದೆ ಹೊರಬರುತ್ತಿದ್ದರೆ ಅದನ್ನು ಮಲಬದ್ಧತೆಯೆಂದು ಭಾವಿಸಿ ಮರುದಿನದವರೆಗೆ ಕಾಯಬಾರದು. ಒಂದೆರಡು ದಿನಗಳಲ್ಲೇ ಪ್ರಾಣಹಾನಿಯಾಗಬಹುದಾದುದರಿಂದ ತತ್‌ಕ್ಷಣವೇ ಪಶುವೈದ್ಯರ ಬಳಿಗೆ ಒಯ್ಯಬೇಕು.

ರೋಗವಿಲ್ಲವೆಂದಾದರೆ ಗಮನಿಸತಕ್ಕದ್ದು ಬೆಕ್ಕಿನ ಭಂಗಿಯನ್ನು. ಕುಳಿತು ನೆಲದ ಮೇಲೆ ಮೂತ್ರ ಮಾಡುವುದು ಒಂದು ಬಗೆ. ಬಾಗಿಲಿಗೋ ಗೋಡೆಗೋ ಬೆನ್ನು ತಿರುಗಿಸಿ ನಿಂತು, ನೆಟ್ಟಗೆತ್ತಿದ ಬಾಲದ ತುದಿಯನ್ನು ಅದುರಿಸುತ್ತಾ ಸ್ವಲ್ಪವೇ ಚಿಮುಕಿಸುವುದು ಇನ್ನೊಂದು ಬಗೆ. ಎರಡನೆಯದು, ಈ ಸೀಮೆ ತನ್ನದೆಂದು ಬೆಕ್ಕು ಅಂಟಿಸುವ ಜಾಹೀರುಪತ್ರ. ಕಿಟಕಿಯಾಚೆ ಸುಳಿಯುವ ಬೀದಿಬೆಕ್ಕು, ಮನೆಗೆ ಬಂದ ಹೊಸ ಪ್ರಾಣಿ, ಸ್ಥಳಾಂತರ ಮೊದಲಾದವು ಇದಕ್ಕೆ ಪ್ರೇರಕಗಳು. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡುಗಳಲ್ಲಿ ಬಹುಪಾಲು ಈ ಚಾಳಿಯನ್ನು ಬಿಟ್ಟುಬಿಡುತ್ತವೆ.

ಕುಳಿತು ಮಾಡುವ ಬೆಕ್ಕಿನ ದೂರು ಸಾಮಾನ್ಯವಾಗಿ ಟ್ರೇಯ ಮೇಲೆ, ಇಲ್ಲವೆ ಅದರಲ್ಲಿ ಮಣ್ಣಿನ ಬದಲು ತುಂಬುವ ಲಿಟರಿನ ಮೇಲೆ ಇರುತ್ತದೆ. ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ 1947ರಲ್ಲಿ ಎಡ್ವರ್ಡ್ ಲೋ ಎಂಬಾತ, ಬೂದಿಯ ಹೆಜ್ಜೆಗುರುತುಗಳಿಂದ ಬೇಸತ್ತಿದ್ದ ನೆರೆಯಾಕೆಗೆ ದ್ರವವನ್ನು ಹೀರುವ ಜೇಡಿಮಣ್ಣಿನ ಹರಳುಗಳನ್ನು ಕೊಟ್ಟುದೇ ಇಂದಿನ ಲಿಟರ್ ವ್ಯಾಪಾರಕ್ಕೆ ನಾಂದಿಯಾಯಿತು. ಒದ್ದೆಯಾದೊಡನೆ ಉಂಡೆಗಟ್ಟುವ ಬೆಂಟೋನೈಟ್ ಆಮೇಲೆ ಬಂದಿತು. ಈ ಜೇಡಿ ನಮ್ಮ ದೇಶದ ಕಛ್ ಪ್ರದೇಶದಲ್ಲಿಯೂ ದೊರೆಯುತ್ತದೆ. ಬಹುತೇಕ ಬೆಕ್ಕುಗಳಿಗೆ ನುಣುಪಾದ, ಪರಿಮಳವಿಲ್ಲದ ಲಿಟರೇ ಮೆಚ್ಚು. ಮಲ್ಲಿಗೆಯ ವಾಸನೆ ಬೇಕಾದುದು ನಮಗೆ ಮಾತ್ರ. ಟ್ರೇಯ ಉದ್ದ ಬೆಕ್ಕಿನ ಮೈಯುದ್ದದ ಒಂದೂವರೆಯಷ್ಟಿರಲಿ, ಲಿಟರು ಎರಡು ಅಂಗುಲದಷ್ಟಿರಲಿ, ಬೆಕ್ಕುಗಳ ಸಂಖ್ಯೆಗಿಂತ ಒಂದು ಟ್ರೇ ಹೆಚ್ಚಾಗಿರಲಿ. ಅವನ್ನು ಊಟದ ತಟ್ಟೆಯ ಪಕ್ಕದಲ್ಲಾಗಲಿ ಗಡಗಡಿಸುವ ವಾಷಿಂಗ್ ಮೆಷೀನಿನ ಪಕ್ಕದಲ್ಲಾಗಲಿ ಇಡದೆ ನಿಶ್ಶಬ್ದವಾದ ಬೇರೆ ಬೇರೆ ಮೂಲೆಗಳಲ್ಲಿಟ್ಟು, ದಿನಕ್ಕೊಮ್ಮೆಯಾದರೂ ಬಾಚಿ ತೆಗೆಯಬೇಕು. ಟಾಕ್ಸೊಪ್ಲಾಸ್ಮ ಎಂಬ ಪರೋಪಜೀವಿಯು ಬೆಕ್ಕಿನ ಮಲದಲ್ಲಿದ್ದರೆ ಸೋಂಕುವ ಸ್ಥಿತಿಗೆ ಬರಲು ಅದಕ್ಕೆ ಕನಿಷ್ಠ ಒಂದು ದಿನ ಬೇಕಾದುದರಿಂದ, ನಿತ್ಯದ ಶುಚಿ ಮನುಷ್ಯರಿಗೂ ರಕ್ಷೆ. ಗರ್ಭಿಣಿಯರು ಈ ಕೆಲಸವನ್ನು ಇತರರಿಗೆ ಬಿಡುವುದು ಲೇಸು.

ಇನ್ನುಳಿದುದು ಕಲೆ ಮತ್ತು ವಾಸನೆ. ಶುಷ್ಕಪ್ರದೇಶದ ಕಾಡುಬೆಕ್ಕಿನ ವಂಶಜವಾದುದರಿಂದ ಬೆಕ್ಕಿನ ಮೂತ್ರಪಿಂಡಗಳು ನೀರನ್ನು ಮಿತವ್ಯಯದಿಂದ ಬಳಸಿ ಮೂತ್ರವನ್ನು ಅತಿ ಸಾಂದ್ರವಾಗಿಸುತ್ತವೆ. ಅದರ ಯೂರಿಯಾ ಬ್ಯಾಕ್ಟೀರಿಯಗಳಿಂದ ಅಮೋನಿಯವಾಗುತ್ತದೆ. ಗಂಡುಬೆಕ್ಕಿನ ಮೂತ್ರದಲ್ಲಿ ವಿಶೇಷವಾಗಿರುವ ಫೆಲಿನೈನ್ ವಿಘಟಿಸಿ ಗಂಧಕಯುಕ್ತ ದುರ್ಗಂಧವನ್ನೀಯುತ್ತದೆ. ಹಸಿಯಾಗಿರುವಾಗ ಒರೆಸದೆ ಬಟ್ಟೆಯನ್ನೊತ್ತಿ ಹೀರಿಸಿ, ಅನಂತರ ಎನ್‌ಜೈಮ್ ಇರುವ ದ್ರಾವಣವನ್ನು ಮೂತ್ರವಿಳಿದಷ್ಟು ಆಳಕ್ಕೂ ಇಳಿಯುವಂತೆ ಸುರಿದು, ತಾನಾಗಿಯೇ ಒಣಗಲು ಬಿಡಬೇಕು. ನಮಗೆ ಥಟ್ಟನೆ ನೆನಪಾಗುವ ಫಿನೈಲನ್ನು ಮಾತ್ರ ದೂರವಿಡತಕ್ಕದ್ದು. ಫಿನಾಲ್ ವರ್ಗದ ದ್ರವ್ಯಗಳನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಅತ್ಯಲ್ಪ. ಬ್ಲೀಚೂ ಬೇಡ, ಅದು ಅಮೋನಿಯದೊಡನೆ ಬೆರೆತು ಶ್ವಾಸಕ್ಕೆ ಹಾನಿಕರವಾದ ಅನಿಲವನ್ನು ಹುಟ್ಟಿಸುತ್ತದೆ. ನಮ್ಮ ಮೂಗಿಗೆ ವಾಸನೆ ಹೋಯಿತೆಂದ ಮಾತ್ರಕ್ಕೆ ಬೆಕ್ಕಿನ ಮೂಗಿಗೂ ಹೋಯಿತೆಂದು ತಿಳಿಯಬಾರದು. ಶೇಷವುಳಿದಲ್ಲಿಗೇ ಅದು ಮರಳುತ್ತದೆ.

ವೈದ್ಯ, ಟ್ರೇ, ಶುಚಿ ಎಂಬ ಈ ಕ್ರಮವನ್ನು ತಲೆಕೆಳಗು ಮಾಡಿ ದಂಡನೆಯಿಂದ ಆರಂಭಿಸಿದ ಮನೆಯಲ್ಲಿ ಬೆಕ್ಕು ಕಲಿಯುವುದು ಒಂದೇ ಪಾಠ: ಯಜಮಾನನಿಗೆ ಕಾಣದ ಜಾಗದಲ್ಲಿ ಮಾಡಬೇಕೆಂಬುದು.