ತಿಥಿ ಹೇಳಲು ನನ್ನ ಮುಖ ಯಾಕೆ?

ಏಕಾದಶಿ ಯಾವತ್ತೆಂದು ನೋಡಲು ಫೋನಿಗೆ ಪಂಚಾಂಗದ ಆ್ಯಪ್ ಹಾಕಿಕೊಂಡೆ. ಅದು ಮೊದಲು ಕೇಳಿದ್ದೇ ಕ್ಯಾಮೆರಾ ಬಳಸಲು ಒಪ್ಪಿಗೆ! ತಿಥಿ ಹೇಳೋದಕ್ಕೆ ನನ್ನ ಮುಖ ಯಾಕೆ ಬೇಕು, ನೀವೇ ಹೇಳಿ? ಆದರೂ ಅವಸರದಲ್ಲಿ ‘ಅಲೋ’ ಒತ್ತಿಬಿಟ್ಟಿದ್ದೆ. ಬೆಳೆದ ಮಗಳಿರುವ ಮನೆ, ಫೋನು ಮಲಗುವ ಕೋಣೆಯಲ್ಲೂ ಬಿದ್ದಿರುತ್ತೆ, ರಾತ್ರಿಯೆಲ್ಲ ನಿದ್ದೆಯಿಲ್ಲ.

ಬೆಳಿಗ್ಗೆ ಅವಳೇ ತೋರಿಸಿಕೊಟ್ಟಳು. ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ, ಅದರೊಳಗೆ ಪರ್ಮಿಷನ್ ಮ್ಯಾನೇಜರ್, ಅಲ್ಲಿ ಕ್ಯಾಮೆರಾ ಒತ್ತಿ. ಒಪ್ಪಿಗೆ ಪಡೆದ ಆ್ಯಪ್‌ಗಳ ಪಟ್ಟಿಯೇ ಬರುತ್ತದೆ. ಬೇಡದ್ದಕ್ಕೆ ‘ಡೋಂಟ್ ಅಲೋ’ ಮಾಡಿ. ವೀಡಿಯೋ ಕಾಲ್ ಮಾಡಲು ವಾಟ್ಸಾಪಿಗೆ ಬೇಕೇ ಬೇಕು. ಅದಕ್ಕೆ ‘ಬಳಸುವಾಗ ಮಾತ್ರ’ ಅಂತಿಟ್ಟರೆ ಸಾಕು.

2021ರಲ್ಲಿ ಬಂದ ಆಂಡ್ರಾಯ್ಡ್ 12ರಿಂದೀಚೆಗೆ, ಕ್ಯಾಮೆರಾ ಕೆಲಸ ಮಾಡುವಾಗ ಪರದೆಯ ಮೇಲ್ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ. ನೀವು ತೆರೆಯದೇ ಅದು ಕಂಡರೆ ಪಟ್ಟಿಯನ್ನು ಇನ್ನೊಮ್ಮೆ ನೋಡಿ.

ನನ್ನ ಪಟ್ಟಿಯಲ್ಲಿ 14 ಇದ್ದವು, ಈಗ 3. ಪಂಚಾಂಗ ತಿಥಿ ಸರಿಯಾಗೇ ಹೇಳ್ತಿದೆ.