ಕ್ಯಾಡ್ ಜೋಡಣೆ: ಅಲುಗಾಡದಂತೆ ಕಟ್ಟುವುದು ಹೇಗೆ?

ಹೊಸೂರು: ಇಲ್ಲಿನ ಸಿಪ್ಕಾಟ್ ಕಾರ್ಖಾನೆಗಳ ಮೇಲೆ ಕಣ್ಣಿಟ್ಟು ಕ್ಯಾಡ್ ಕಲಿಯುವ ಗಡಿ ಹಳ್ಳಿಗಳ ಹುಡುಗ ಹುಡುಗಿಯರಿಗೆ ಬಿಡಿಭಾಗ ಬರೆಯುವುದು ಬೇಗ ಕೈಹತ್ತುತ್ತದೆ. ತಡವರಿಸುವುದು ಅವನ್ನು ಜೋಡಿಸುವ 'ಅಸೆಂಬ್ಲಿ'ಯಲ್ಲಿ.

ಪರದೆಯ ಮೇಲಿಟ್ಟ ಪ್ರತಿ ಭಾಗಕ್ಕೂ ಆರು ಬಗೆಯ ಚಲನೆಯಿದೆ. ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಸರಿಯುವುದು ಮೂರು. ಆ ಮೂರು ದಿಕ್ಕುಗಳ ಸುತ್ತ ತಿರುಗುವುದು ಮೂರು. ಆರನ್ನೂ ಕಟ್ಟಿದರೆ ಮಾತ್ರ ಭಾಗ ಅಲುಗಾಡದು.

ಕಬ್ಬಿಣದ ಪ್ಲೇಟಿಗೆ ನಾಲ್ಕು ಬೋಲ್ಟಿನ ಮೋಟಾರು ಕೂರಿಸಬೇಕೆನ್ನಿ. ಮೊದಲು ಪ್ಲೇಟು ಸ್ಥಿರವಾಗಿರಬೇಕು. ಸಾಲಿಡ್‌ವರ್ಕ್ಸ್‌ನಲ್ಲಿ ಮೊದಲು ತಂದ ಭಾಗ ಸಾಮಾನ್ಯವಾಗಿ ತಾನೇ ಸ್ಥಿರವಾಗುತ್ತದೆ. ಮೋಟಾರಿನ ತಳವನ್ನು ಪ್ಲೇಟಿನ ಮೇಲ್ಮೈಗೆ ತಾಗಿಸಿದರೆ ಮೂರು ಚಲನೆ ನಿಲ್ಲುತ್ತವೆ. ಒಂದು ತೂತಿಗೆ ಒಂದು ತೂತು ಕೂಡಿಸಿದರೆ ಇನ್ನೆರಡು. ಎರಡನೇ ತೂತು ಕೂಡಿಸಿದರೆ ಉಳಿದೊಂದು ತಿರುಗುವಿಕೆಯೂ ಮುಗಿಯಿತು. ಮಿಕ್ಕೆರಡು ತೂತುಗಳನ್ನು ಕಟ್ಟಬೇಕಿಲ್ಲ. ತೂತುಗಳ ನಡುವಿನ ಅಂತರ ಕೂದಲೆಳೆಯಷ್ಟು ತಪ್ಪಿದ್ದರೂ ತಂತ್ರಾಂಶ ದೋಷ ತೋರಿಸುತ್ತದೆ. ಅದು ಕಿರಿಕಿರಿಯಲ್ಲ, ಎಚ್ಚರಿಕೆ.

ಇಷ್ಟೆಲ್ಲ ಯಾಕೆಂದು ಹಲವರು 'ಲಾಕ್' ಒತ್ತುತ್ತಾರೆ. ಫ್ಯೂಷನ್‌ನಲ್ಲಿ ಇದೇ ಬಗೆಯದು 'ರಿಜಿಡ್ ಗ್ರೂಪ್'. ಎರಡೂ ಭಾಗ ಎಲ್ಲಿವೆಯೋ ಅಲ್ಲೇ ಅಂಟಿಕೊಳ್ಳುತ್ತವೆ. ತೂತಿಗೆ ತೂತು ಕೂಡಿದೆಯೇ ಎಂದು ಅದು ಕೇಳುವುದಿಲ್ಲ. ನಾಳೆ ಪ್ಲೇಟಿನ ದಪ್ಪವನ್ನು ಮೇಲ್ಬದಿಗೆ 10 ಮಿ.ಮೀ.ನಿಂದ 12ಕ್ಕೆ ಏರಿಸಿದರೆ, ಲಾಕ್ ಮಾಡಿದ ಮೋಟಾರು ಹಳೆಯ ಜಾಗದಲ್ಲೇ ಉಳಿದು 2 ಮಿ.ಮೀ. ಪ್ಲೇಟಿನೊಳಗೆ ಹೂತಿರುತ್ತದೆ. ಮೇಲ್ಮೈಗೆ ತಾಗಿಸಿದ್ದರೆ ಜೊತೆಗೇ ಏರುತ್ತಿತ್ತು. ಈ ತಪ್ಪು ಡ್ರಾಯಿಂಗಿನಲ್ಲಿ ಹೋದರೆ ಗೊತ್ತಾಗುವುದು ಫಿಟ್ಟರ್ ಕೈಯಲ್ಲಿ, ತೂತು ಕೊರೆದ ಮೇಲೆ.

ಹಾಗೆಂದು ಲಾಕ್ ಕೆಟ್ಟದ್ದಲ್ಲ. ಅಳತೆ ಬದಲಾಗದ, ಸಿದ್ಧವಾಗಿ ಕೊಂಡು ತರುವ ಗೇರ್‌ಬಾಕ್ಸ್‌ನಂಥವಕ್ಕೆ ಅದೇ ಸರಿ. ಬಾಗಿಲ ಹಿಂಜಿಗೆ ಮಾತ್ರ ಬೇಡ. ಅಲ್ಲಿ ಒಂದು ತಿರುಗುವಿಕೆ ಉಳಿಯಲೇಬೇಕು. ಇನ್ನೊಂದು ಮಾತು: ಪರದೆಯ ಬಿಗಿ ಜೋಡಣೆ ವೆಲ್ಡಿಂಗಿನ ಬಲವನ್ನೇನೂ ಹೇಳುವುದಿಲ್ಲ. ಭಾರ ತಡೆಯುತ್ತದೆಯೇ ಎಂಬುದಕ್ಕೆ ಬೇರೆ ಲೆಕ್ಕವೇ ಬೇಕು.

ದುಬಾರಿ ತಂತ್ರಾಂಶ ಕೊಳ್ಳಲಾಗದವರಿಗೆ ಉಚಿತವಾದ ಫ್ರೀಕ್ಯಾಡ್ ಇದೆ. 2024ರ ನವೆಂಬರಿನಲ್ಲಿ ಬಂದ ಅದರ 1.0 ಆವೃತ್ತಿಯಲ್ಲಿ ಜೋಡಣೆಯ ವಿಭಾಗವೂ ಸೇರಿದೆ. ಒಂದು ಭಾಗವನ್ನು ನೆಲಕ್ಕೆ ಕಟ್ಟಿ, ಮುಖ ಅಥವಾ ಅಂಚು ಆರಿಸಿ 'ಫಿಕ್ಸ್ಡ್' ಜೋಡಣೆ ಕೊಡಬಹುದು. ಮುಗಿದ ಮೇಲೆ ಮೌಸ್‌ನಿಂದ ಎಳೆದು ನೋಡಿ. ಅಲುಗದಿದ್ದರೆ ಒಮ್ಮೆ ಪ್ಲೇಟಿನ ದಪ್ಪವನ್ನೂ ಬದಲಿಸಿ ನೋಡಿ.